ಜಂಪಣ್ಣನ ಕೋವಿಯ ಹಿತ್ತಾಳೆ

ಅರುಣಾಳ ತವರು ಜಗಳೂರು ಕಡೆ. ಅಲ್ಲಿ ಆಯುಧ ಪೂಜೆ ಎಂದರೆ ಬೈಕು, ಕುಡುಗೋಲು, ಈಳಿಗೆಮಣೆ, ಬಹಳವೆಂದರೆ ಅಪ್ಪನ ಹೊಲಿಗೆ ಮಷಿನ್ನಿಗೆ ಒಂದು ಮಾರು ಹೂವು. ಕೋವಿ ಅನ್ನುವುದನ್ನು ಅವಳು ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನ ತೊಡೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಉಬ್ರಾಣಿಯ ಈ ಮನೆಗೆ ಸೊಸೆಯಾಗಿ ಬಂದ ದಿನ ದೇವರ ಕೋಣೆಗೆ ಕೈಮುಗಿಯಲು ಹೋದರೆ ದೀಪದ ಕಂಬದ ಪಕ್ಕದಲ್ಲಿ ಅದು ನಿಂತಿತ್ತು. ಅಯ್ಯೋ ಶಿವನೇ, ದೇವರ ಜೊತೆ ಇದನ್ನೂ ನಿಲ್ಲಿಸಿದಾರಲ್ಲ ಎಂದುಕೊಂಡು ಅದಕ್ಕೂ ಕೈಮುಗಿದಿದ್ದಳು.

ಅದು ಹಳೇ ಕಾಲದ ಕೋವಿ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವಂಥದ್ದು. ಹಂದಿ ಕಾಟಕ್ಕೆಂದು ಈ ಕಡೆಯ ಕೆಲವು ಮನೆಗಳಲ್ಲಿ ಇನ್ನೂ ಇವೆ. ಚುನಾವಣೆ ಬಂದಾಗಲೆಲ್ಲ ಚನ್ನಗಿರಿ ಠಾಣೆಗೆ ಹೋಗಿ ಕೂರುತ್ತವೆ, ಮುಗಿದ ಮೇಲೆ ಮನೆಗೆ ಬರುತ್ತವೆ. ಈ ಮನೆಯ ಕೋವಿಗೆ ಹಿತ್ತಾಳೆಯ ಕೆಲಸ ಜಾಸ್ತಿ. ಹೆಗಲಿಗೆ ಆನಿಸುವ ಮರದ ತುದಿಗೆ ಹಿತ್ತಾಳೆಯ ತಗಡು, ನಳಿಗೆಯನ್ನು ಮರಕ್ಕೆ ಬಿಗಿದ ಪಟ್ಟಿಗಳು, ಮರದ ಒಂದು ಬದಿಯಲ್ಲಿ ಒಂದರ ಪಕ್ಕ ಒಂದರಂತೆ ಎರಡು ದುಂಡನೆಯ ಬಿಲ್ಲೆ. ಎಲ್ಲವೂ ಕರೀ ಮಸಿ. ಚೆಂಬು, ಗಂಟೆ, ದೀಪದ ಕಂಬವನ್ನೆಲ್ಲ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕುವ ಅತ್ತೆ ತಿಪ್ಪಮ್ಮ ಇದೊಂದನ್ನು ಮಾತ್ರ ಯಾಕೆ ಹಾಗೇ ಬಿಟ್ಟಿದ್ದಾರೆ ಎಂದು ಅರುಣಾಳಿಗೆ ಅರ್ಥವಾಗಿರಲಿಲ್ಲ. ಹೊಸ ಸೊಸೆ, ಕೇಳುವುದಾದರೂ ಹೇಗೆ?

ಆ ವರ್ಷದ ಆಯುಧ ಪೂಜೆಯ ಹಿಂದಿನ ಸಂಜೆ ದೀಪ ಹಚ್ಚಲು ಹೋದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಕೋವಿಯ ಹಿತ್ತಾಳೆ ಹೊಳೆಯುತ್ತಿತ್ತು. ಬೆಳಗ್ಗೆ ಕಸ ಗುಡಿಸುವಾಗ ಕಪ್ಪಗಿದ್ದದ್ದು ಈಗ ಇವತ್ತೇ ಅಂಗಡಿಯಿಂದ ತಂದ ಹಾಗೆ ಬೆಳಗುತ್ತಿತ್ತು. ಆ ಎರಡು ಬಿಲ್ಲೆಗಳು ಮೂಲೆಯ ಕತ್ತಲಿಂದ ಅವಳನ್ನೇ ನೋಡುತ್ತಿದ್ದವು. ಅತ್ತೆ ತಿಕ್ಕಿರಬೇಕು ಎಂದುಕೊಂಡು ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದಾರೆ, ಮುಖದಲ್ಲಿ ರಕ್ತವಿಲ್ಲ.

"ನೀನೇನಾದ್ರೂ ಮುಟ್ಟಿದೆಯೇನೇ?"

"ಇಲ್ಲತ್ತೆ. ದೇವ್ರಾಣೆ ಇಲ್ಲ."

"ಹಂಗಾರೆ ಈಚೆ ಬಾ. ಮಾತಾಡಬ್ಯಾಡ."

ಅವತ್ತು ಸಂಜೆ ತಿಪ್ಪಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕಿದರು. ಹಸಿ ಮೆಣಸಿನಕಾಯಿ ಸೀಳಿ, ಹಿಟ್ಟಿನಲ್ಲಿ ಅದ್ದಿ ಕರಿದರು. ಒಂದು ತಟ್ಟೆ ತುಂಬಿ ದೇವರ ಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿದರು. ಯಾರಿಗತ್ತೆ ಎಂದು ಕೇಳಿದರೆ ದೇವರಿಗೆ ಎಂದರು. ದೇವರು ಮಂಡಕ್ಕಿ ಮೆಣಸಿನಕಾಯಿ ತಿನ್ನುವುದನ್ನು ಅರುಣಾ ಹುಟ್ಟಿದ ಮೇಲೆ ಕೇಳಿರಲಿಲ್ಲ. ಮರುದಿನ ಪೂಜೆಯ ಹೊತ್ತಿಗೆ ಕೋವಿಗೆ ಹೂವೇರಿಸಲು ಹೋದರೆ ಹಿತ್ತಾಳೆ ಮತ್ತೆ ಕಪ್ಪು. ಮಾವ ಮರುಳಪ್ಪ ಕುರ್ಚಿಯ ಮೇಲೆ ಕೂತು ಆ ಕಪ್ಪನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಆರತಿಗೂ ನಿಲ್ಲದೆ ಹೊರಗೆ ಹೋದರು.

ಗಂಡ ಸಿದ್ದುವನ್ನು ಕೇಳಿದಳು. ಅವನು ಮೆಕ್ಕೆಜೋಳ ಬಿಡಿಸುವ ಮಷಿನ್ ಇಟ್ಟುಕೊಂಡು ಊರೂರು ತಿರುಗುವವನು, ಮಷಿನ್ನಿನ ಗಾಲಿಯನ್ನು ಒಬ್ಬನೇ ಎತ್ತಿ ಪಕ್ಕಕ್ಕಿಡುವ ಆಳು. ಅಂಥವನು ಕೋವಿಯ ಮಾತೆತ್ತಿದ್ದೇ ತಡ ದನಿ ಇಳಿಸಿದ.

"ಅದು ವರ್ಷ ವರ್ಷಾನೂ ಹಂಗೇ ಆಗ್ತೈತೆ. ನಾನು ಸಣ್ಣವನಿದ್ದಾಗಿಂದ ನೋಡೀನಿ. ಸಂಜೆ ಹೊಳೀತೈತೆ, ಬೆಳಗ್ಗೆ ಕಪ್ಪಾಗ್ತೈತೆ. ಕೇಳಬ್ಯಾಡ."

"ತಾನಾಗೇ ಆಗಾಕೆ ಅದೇನು ಜೀವ ಐತಾ?"

"ಕೇಳಬ್ಯಾಡ ಅಂದ್ನಲ್ಲ!" ಎಂದು ಹೊದಿಕೆ ಮುಖದ ಮೇಲೆ ಎಳೆದುಕೊಂಡ.

ಕೇಳಬೇಡ ಅಂದರೆ ಸುಮ್ಮನಿರುವ ಹೆಣ್ಣೇ ಅವಳು? ನ್ಯಾಮತಿಗೆ ಕೊಟ್ಟಿದ್ದ ನಾದಿನಿ ಆಶಾಳಿಗೆ ಫೋನು ಹಚ್ಚಿದಳು. ಆಶಾ ಮೊದಲು ಹ್ಞಾಂ ಹ್ಞೂಂ ಅಂದಳು, ಆಮೇಲೆ ಬಾಗಿಲು ಹಾಕಿಕೊಂಡು ಬಂದು ಹೇಳಿದಳು.

ಮರುಳಪ್ಪನವರಿಗೆ ಒಬ್ಬ ತಮ್ಮನಿದ್ದ, ಜಂಪಣ್ಣ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಅದೇ ವರ್ಷ ಮದುವೆಯಾಗಿ ಬಂದ ತಿಪ್ಪಮ್ಮ, ತಾವೇ ಇನ್ನೂ ಹುಡುಗಿ, ಅವನನ್ನು ಸೊಂಟಕ್ಕೇರಿಸಿಕೊಂಡು ಬೆಳೆಸಿದರು. ಅತ್ತಿಗೆ ಅನ್ನಲು ಹೇಳಿಕೊಟ್ಟರೂ ಅವನ ಬಾಯಲ್ಲಿ ಅವ್ವ ಎಂದೇ ಬರುತ್ತಿತ್ತು. ಆಶಾ, ಸಿದ್ದು ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ. ಹುಡುಗ ದೊಡ್ಡವನಾದ, ಮೀಸೆ ಬಂತು. ಮನೆಯಲ್ಲಿ ಆಗ ಎರಡು ಕೋವಿ, ಅಣ್ಣನಿಗೊಂದು ತಮ್ಮನಿಗೊಂದು. ಅಣ್ಣನ ಕೋವಿಯ ಹಿತ್ತಾಳೆ ಕಪ್ಪು. ಬೇಟೆಗೆ ಹೋಗುವವರು ಹಾಗೇ ಮಾಡುತ್ತಾರೆ, ಹರಳೆಣ್ಣೆ ಬಳಿದು ಹೊಗೆಗೆ ಹಿಡಿಯುತ್ತಾರೆ. ಹೊಳೆದರೆ ಪ್ರಾಣಿಗೆ ದೂರದಿಂದಲೇ ಸುಳಿವು ಸಿಗುತ್ತದೆ. ಜಂಪಣ್ಣನಿಗೆ ಅದು ಸೇರದು. ದೇವರ ಮುಂದೆ ಇಡುವ ವಸ್ತು ಮಸಿ ಮೆತ್ತಿಕೊಂಡಿರಬಾರದು ಎಂದು ಅವನ ವಾದ. ಹೊನ್ನಾಳಿಯಲ್ಲಿ ಹಿತ್ತಾಳೆ ಕೆಲಸ ಮಾಡುವ ಮುರ್ತುಜಾಸಾಬರ ಹತ್ತಿರ ಹೋಗಿ ಆ ಎರಡು ಬಿಲ್ಲೆ ಬೇರೆ ಹೊಡೆಸಿಕೊಂಡು ಬಂದ. ವಾರಕ್ಕೊಮ್ಮೆ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದ. ಕಪ್ಪು ಮಾಡೋ ಎಂದು ಅಣ್ಣ ಬೈದರೆ, ನಿನ್ನ ಮೋರೆಗೆ ಹಚ್ಚಿಕೋ ಎಂದು ನಗುತ್ತಿದ್ದ.

ಆ ವರ್ಷ ಒಂದು ಚಿರತೆ ಊರ ಕರುಗಳನ್ನು ಹಿಡಿಯಲು ಶುರು ಮಾಡಿತ್ತು. ಅಣ್ಣತಮ್ಮ ಇಬ್ಬರೂ ಹೊಲದ ಎರಡು ಕೊನೆಯಲ್ಲಿ ಹೊಂಚು ಹಾಕಿ ಕೂತರು. ಇಳಿಹೊತ್ತು. ಕೂತಲ್ಲಿಂದ ಅಲುಗಾಡಬೇಡ ಎಂದು ಅಣ್ಣ ಹೇಳಿದ್ದ. ಹುಡುಗನಿಗೆ ಏನು ಹೇಳುವುದಿತ್ತೋ, ಕೋವಿಯನ್ನು ಎದೆಗೆ ಅಡ್ಡ ಹಿಡಿದು ಪೊದೆಯೊಳಗಿಂದ ತೆವಳಿಕೊಂಡು ಅಣ್ಣನ ಕಡೆಗೇ ಬಂದ. ಮುಳುಗುವ ಸೂರ್ಯನ ಬೆಳಕು ಎರಡು ಬಿಲ್ಲೆಗಳ ಮೇಲೆ ಬಿತ್ತು. ಪೊದೆಯಲ್ಲಿ ಎರಡು ಕಣ್ಣು ಮಿನುಗಿದವು. ಮರುಳಪ್ಪ ಹೊಡೆದರು.

ಕೇಸು ನಡೆಯಿತು, ಆಕಸ್ಮಿಕ ಎಂದು ತೀರ್ಮಾನವಾಯಿತು. ಹೊಡೆದ ಕೋವಿ ಪೊಲೀಸರ ಪಾಲಾಯಿತು, ಸತ್ತವನ ಕೋವಿ ಮನೆಗೆ ಬಂತು. ಸತ್ತವನ ದಿವಸದ ಕಾರ್ಯದ ದಿನ ಊರ ಹಿರಿಯರು ಜಗಲಿಯ ಮೇಲೆ ಕೂತು, ಹಣೆಬರಹ, ಯಾರೇನು ಮಾಡಾಕಾಗ್ತೈತೆ, ಇನ್ನು ಈ ಮನೇಲಿ ಆ ಹೆಸರು ಎತ್ತಬ್ಯಾಡ್ರಿ ಎಂದು ಹೇಳಿ ಎದ್ದು ಹೋದರು. ಎತ್ತಲಿಲ್ಲ. ಮೂವತ್ತು ವರ್ಷ ಆಗುತ್ತಾ ಬಂತು, ಗಂಡ ಹೆಂಡತಿಯ ನಡುವೆ ಒಂದು ಸಲವೂ ಆ ಹೆಸರು ಬಂದಿಲ್ಲ. ಎಂಥ ಹಿರಿಯರೋ, ಎಂಥ ಬುದ್ಧಿವಾದವೋ! ನಾಲಗೆ ಕಟ್ಟಿ ಹೋದರು, ಅಷ್ಟೇ.

"ಹಿತ್ತಾಳೆ ಹೊಳೆಯೋದು ಚಿಕ್ಕಪ್ಪ ಬಂದಿದ್ದಕ್ಕೆ" ಎಂದು ಆಶಾ ಪಿಸುಗುಟ್ಟಿದಳು. "ಹಬ್ಬದ ಹಿಂದಿನ ದಿನ ಅವನೇ ತಿಕ್ಕತಿದ್ದದ್ದು. ಈಗ್ಲೂ ಬಂದು ತಿಕ್ಕಿ ಹೋಗ್ತಾನೆ. ನೀನು ಬಸುರಿಗಿಸುರಿ ಆದ್ರೆ ಆ ದಿನ ತವರಿಗೆ ಹೋಗಿಬಿಡು, ಮಾರಾಯ್ತಿ."

ಅದಾದ ಮೇಲೆ ಅರುಣಾ ದೇವರ ಕೋಣೆಗೆ ಹೋದಾಗ ದೇವರನ್ನು ನೋಡುವ ಮೊದಲು ಆ ಮೂಲೆಯನ್ನು ನೋಡುವಂತಾಯಿತು. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಯಾರೋ ಈಗಷ್ಟೇ ನಿಂತಿದ್ದು ಪಕ್ಕಕ್ಕೆ ಸರಿದ ಹಾಗೆ ಅನಿಸುತ್ತಿತ್ತು. ಕಪ್ಪು ಬಿಲ್ಲೆಗಳು ಮುಚ್ಚಿದ ಕಣ್ಣುಗಳ ಹಾಗಿದ್ದವು. ಕಸ ಗುಡಿಸುವಾಗ ಬೆನ್ನು ಆ ಕಡೆ ತಿರುಗದಂತೆ ನೋಡಿಕೊಳ್ಳುತ್ತಿದ್ದಳು. ಮನೆಯವರೆಲ್ಲರೂ ಹಾಗೇ ಮಾಡುತ್ತಾರೆ ಎಂದು ಆಮೇಲೆ ಗಮನಿಸಿದಳು. ಆ ಕೋಣೆಯಿಂದ ಎಲ್ಲರೂ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬರುತ್ತಿದ್ದರು.

ಈ ವರ್ಷ ಮರುಳಪ್ಪ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿಕೊಂಡಿತ್ತು, ಕಾಲು ಊದಿತ್ತು. ದಾವಣಗೆರೆ ದೊಡ್ಡಾಸ್ಪತ್ರೆಯಿಂದ ಕರೆತರುವಾಗ ಡಾಕ್ಟರು ಸಿದ್ದುವನ್ನು ಪಕ್ಕಕ್ಕೆ ಕರೆದು, ಊಟ ಏನು ಕೇಳುತ್ತಾರೋ ಕೊಡಿ ಎಂದಿದ್ದರು. ಅಂದರೇನೆಂದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು, ಮುದುಕನಿಗೂ.

ಹಬ್ಬದ ಹಿಂದಿನ ದಿನ ಸಿದ್ದು ಮಷಿನ್ ತೆಗೆದುಕೊಂಡು ಬಸವಾಪಟ್ಟಣದ ಕಡೆ ಹೋಗಿದ್ದ, ಪೂಜೆಯ ಬೆಳಗ್ಗೆ ಬರುತ್ತೇನೆ ಎಂದಿದ್ದ. ತಿಪ್ಪಮ್ಮ ಬೆಳಗಿನಿಂದ ಕೋಣೆಗೂ ಅಡುಗೆಮನೆಗೂ ಓಡಾಡುತ್ತಿದ್ದರು. ಬಗ್ಗಿ ನೋಡುವುದು, ಬರುವುದು. "ಇನ್ನೂ ಇಲ್ಲ" ಎಂದು ತಮ್ಮಷ್ಟಕ್ಕೆ ಅನ್ನುವುದು. ಮಧ್ಯಾಹ್ನ ಹೂವು, ಬೂದುಗುಂಬಳ ತರಲು ಚನ್ನಗಿರಿಯ ಬಸ್ಸು ಹಿಡಿಯುವ ಮೊದಲು ಕೂಡ ಒಂದು ಸಲ ಹೋಗಿ ನೋಡಿದರು. ಹಿತ್ತಾಳೆ ಕಪ್ಪಗೇ ಇತ್ತು. ಅತ್ತೆಯ ಮುಖ ಬಾಡಿದ್ದು ನೋಡಿ ಅರುಣಾಳಿಗೆ ಆಶ್ಚರ್ಯ. ಹೊಳೆದರೆ ತಾನೇ ಹೆದರಬೇಕು? ಹೊಳೆಯದಿದ್ದರೆ ಇವರಿಗೇನು ಕಷ್ಟ?

ಬಸ್ಸಿನ ಸದ್ದು ಅಡಗಿತೋ ಇಲ್ಲವೋ, ಒಳಗಿಂದ ಮಾವ ಕರೆದರು.

"ಅರುಣವ್ವಾ. ಆ ಕೋವಿ ತಗಂಬಾ."

ಅವಳು ಬಾಗಿಲಲ್ಲೇ ನಿಂತಳು. "ಯಾಕ್ ಮಾವ? ಏನ್ ಮಾಡ್ಕೋಬೇಕು ಅಂತ?"

"ಥೂ ಹುಚ್ಚಿ, ಸಾಯಾಕೆ ನಂಗೆ ಕೋವಿ ಬೇಕಾ? ಅದು ತಾನಾಗೇ ಬರ್ತಾ ಐತಲ್ಲ. ಹುಣಸೆಹಣ್ಣೂ ಒಂದಿಷ್ಟು ತಗಂಬಾ, ಬೂದಿ ತಗಂಬಾ. ಹುಣಸೆಹಣ್ಣು ಹಚ್ಕೊಂಡು ಯಾರೂ ಸತ್ತಿಲ್ಲ."

ಅರುಣಾಳಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಹೊಳೆದು, ನಿಂತಲ್ಲೇ ಕೂತಳು.

"ಮಾವ. ನೀವಾ?"

"ಮತ್ತೆ ಯಾರು ಅಂದ್ಕೊಂಡಿದ್ದೆ?" ಅಂದರು ಮರುಳಪ್ಪ. ಉಸಿರು ಎಳೆದುಕೊಳ್ಳಲು ನಿಲ್ಲಿಸಿದರು. "ಪ್ರತಿ ವರ್ಷ ನಾನೇ. ಈ ಸಲ ಕೈಯಾಗೆ ಬಲ ಇಲ್ಲ. ನೀನು ತಿಕ್ಕು, ನಾನು ನೋಡ್ತೀನಿ."

ತಿಕ್ಕಿದಳು. ಕೋವಿಯನ್ನು ಮಂಚದ ಪಕ್ಕ ಚಾಪೆಯ ಮೇಲೆ ಮಲಗಿಸಿ ಹುಣಸೆಹಣ್ಣಿನ ಉಂಡೆಯಿಂದ ತಗಡು ತಿಕ್ಕಿದಳು, ಪಟ್ಟಿ ತಿಕ್ಕಿದಳು. ಮಸಿ ಮೊದಲು ಹರಡಿತು, ಆಮೇಲೆ ಬಿಟ್ಟಿತು. ಬಿಲ್ಲೆಗಳ ಸರದಿ ಬಂದಾಗ ಅವಳ ಕೈ ನಿಂತಿತು. ಸತ್ತವನು ಕೊನೆಯ ಸಲ ಮುಟ್ಟಿದ್ದು ಇದನ್ನೇ. ಅವನನ್ನು ಕೊಲ್ಲಿಸಿದ್ದೂ ಇದೇ. ಹಿಂದೆ ಯಾರೋ ನಿಂತಿದ್ದಾರೆ ಎನಿಸಿ ತಿರುಗಿ ನೋಡಿದಳು, ಗೋಡೆಯ ಮೇಲೆ ಕ್ಯಾಲೆಂಡರು ಅಲುಗಾಡುತ್ತಿತ್ತು. ಫ್ಯಾನು ನಿಂತಿತ್ತು, ಕರೆಂಟಿರಲಿಲ್ಲ.

"ತಿಕ್ಕು ತಿಕ್ಕು, ಅವನೇನೂ ಮಾಡಲ್ಲ" ಎಂದರು ಮಾವ. "ಅವನು ಯಾರಿಗೂ ಏನೂ ಮಾಡಿದೋನಲ್ಲ."

ಆಮೇಲೆ ಛಾವಣಿ ನೋಡುತ್ತಾ ಹೇಳತೊಡಗಿದರು. ಮೊದಲ ವರ್ಷ ತಿಕ್ಕಿದ್ದು ಸುಮ್ಮನೆ, ಹುಡುಗ ಇದ್ದಿದ್ದರೆ ಇವತ್ತು ತಿಕ್ಕುತ್ತಿದ್ದ ಎಂದು. ಬದುಕಿದ್ದಾಗ ಹೊಳೆಸಬೇಡ ಎಂದು ಬೈದಿದ್ದೆ, ಈಗಲಾದರೂ ಅವನ ಇಷ್ಟದಂತೆ ಇರಲಿ ಎಂದು. ಬೆಳಗಾಗುವಷ್ಟರಲ್ಲಿ ಕಪ್ಪಾಗಿತ್ತು. ಹೆದರಿಕೆಯಾಯಿತು. ಎರಡನೆಯ ವರ್ಷ ಮತ್ತೆ ತಿಕ್ಕಿಟ್ಟು ನಸುಕಿನಲ್ಲಿ ಎದ್ದು ಕಾದರು. ತಿಪ್ಪಮ್ಮ ಕೋವಿಯನ್ನು ಎತ್ತಿಕೊಂಡು ಹೋಗಿ, ಹರಳೆಣ್ಣೆ ಬಳಿದು, ಬಚ್ಚಲ ಒಲೆಯ ಹೊಗೆಗೆ ಹಿಡಿಯುತ್ತಿದ್ದರು.

"ಅವತ್ತು ಗೊತ್ತಾಯ್ತು ನಂಗೆ. ಅವಳ ಎದೆ ಮೇಲೆ ಮಲಗಿ ಬೆಳೆದ ಹುಡುಗ ಅವನು. ನಾನು ಹೊಳೆಸಿಡ್ತೀನಿ, ತಪ್ಪಾಯ್ತು ಕಣೇ ಅಂತ. ಅವಳು ಕಪ್ಪು ಮಾಡ್ತಾಳೆ, ಇಲ್ಲ ಹೋಗು ಅಂತ. ವರ್ಷಾ ಕೇಳ್ತೀನಿ, ವರ್ಷಾ ಇಲ್ಲ ಅಂತಾಳೆ."

"ಬಾಯಿಬಿಟ್ಟು ಒಂದ್ಮಾತು ಕೇಳಬಾರ್ದಾ ಮಾವ?"

"ಏನಂತ ಕೇಳಲಿ? ನಿನ್ನ ಮಗನ್ನ ಹೊಡೆದು ಹಾಕೀನಿ, ಸಿಟ್ಟು ಇಳೀತಾ ಅಂತಲಾ?" ಮುದುಕನ ಕಣ್ಣಿಂದ ನೀರು ಕಿವಿಗೆ ಇಳಿಯಿತು. "ಇದೇ ಕೊನೇ ಸಲ. ನಾಳೆ ಬೆಳಗ್ಗೆ ಅದು ಹೊಳೀತಾ ಇದ್ರೆ ಸಾಕು. ಅವಳು ಒಪ್ಪಿಕೊಂಡ್ಲು ಅಂತ ನೆಮ್ಮದಿಯಿಂದ ಹೋಗ್ತೀನಿ. ನಿಮ್ಮತ್ತೆಗೆ ನೀನು ಒಂದ್ಮಾತೂ ಹೇಳಬ್ಯಾಡ. ಕೇಳಿ ತಗಂಬೋದಲ್ಲ ಅದು, ಅವಳಾಗೇ ಕೊಡಬೇಕು."

ಅರುಣಾ ಕೋವಿ ಒರೆಸಿ ಮೂಲೆಯಲ್ಲಿ ನಿಲ್ಲಿಸಿದಳು. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಹೊರಗೆ ಬಿಸಿಲಿತ್ತು, ಕೋಳಿಗಳು ಅಂಗಳ ಕೆದಕುತ್ತಿದ್ದವು. ಮನೆಯಲ್ಲಿ ಭೂತವಿಲ್ಲ ಎಂದು ತಿಳಿದು ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಒಬ್ಬ ಮುದುಕ ಒಂದು ಮಾತಿಗಾಗಿ ಒದ್ದಾಡಿದ್ದು ಭೂತಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅತ್ತೆಯ ಮೇಲೆ ಅವಳಿಗೆ ಕೆಟ್ಟ ಕೋಪ ಬಂತು. ಇಷ್ಟು ಕಲ್ಲು ಮನಸ್ಸಾ ಈ ಹೆಂಗಸಿಗೆ?

ಸಂಜೆ ತಿಪ್ಪಮ್ಮ ಬಸ್ಸಿಳಿದು ಬಂದವರು ಹೂವಿನ ಚೀಲವನ್ನೂ ಕೆಳಗಿಡದೆ ದೇವರ ಕೋಣೆಗೆ ಹೋದರು. ಅರುಣಾ ಮೆಲ್ಲಗೆ ಹೋಗಿ ಇಣುಕಿದಳು. ಅತ್ತೆ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಳುತ್ತಿದ್ದಾರೆ ಎಂದುಕೊಂಡಳು. ಅಳು ಅಲ್ಲ, ನಗು. ಹೋದ ವರ್ಷ ಅವರ ಮುಖದಲ್ಲಿ ಕಂಡದ್ದು ಬರೀ ಹೆದರಿಕೆ ಎಂದು ತಿಳಿದಿದ್ದಳಲ್ಲ, ಎಂಥ ದಡ್ಡಿ!

"ಬಂದವ್ನೆ" ಎಂದರು ತಿಪ್ಪಮ್ಮ. "ಈ ಸಲ ಬರಲ್ವೇನೋ ಅಂದ್ಕೊಂಡಿದ್ದೆ ಕಣೇ. ಅಣ್ಣ ಹಾಸಿಗೆ ಹಿಡಿದವ್ರೆ, ನೋಡಾಕೂ ಬರಲ್ವಾ, ಅಷ್ಟು ಸಿಟ್ಟಾ ಅಂತ ಬೆಳಗ್ಗಿಂದ ಹೊಟ್ಟೇಲಿ ಸಂಕಟ. ಬಂದವ್ನೆ ನೋಡು. ಹೆಂಗೆ ತಿಕ್ಕಿಟ್ಟವ್ನೆ ನೋಡು, ಮೊದಲಿಗಿಂತ ಚೆಂದ."

ಅರುಣಾ ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. ಆಮೇಲೆ ಕೇಳಿದಳು. "ಮತ್ತೆ... ಬೆಳಗ್ಗೆ ಯಾಕತ್ತೆ ಕಪ್ಪಾಗ್ತೈತೆ?"

ತಿಪ್ಪಮ್ಮ ಸೊಸೆಯ ಮುಖ ನೋಡಿದರು. ಯಾರಿಗೂ ಹೇಳದ್ದನ್ನು ಹೇಳಲು ಅವತ್ತು ಅವರಿಗೆ ಅಷ್ಟು ಸಂತೋಷವಾಗಿತ್ತು.

"ನಾನೇ ಮಾಡ್ತೀನಿ. ಬಂದೋನು ವಾಪಸ್ ಹೋಗಬೇಕಲ್ಲವ್ವ, ಹೊಲದ ಮೇಲೆ ಹಾದು. ಹೊಳೀತಾ ಹೋದ್ರೆ ಮತ್ತೆ ಯಾರಾದ್ರೂ ಕಣ್ಣು ಅಂದ್ಕೊಂಡು ಹೊಡೆದುಬಿಟ್ಟರೆ? ಅವನಿಗೆ ಹೇಳಿದ್ರೆ ಕೇಳಲ್ಲ, ಮೊದಲಿಂದ್ಲೂ ಮೊಂಡ. ಅದಕ್ಕೆ ಹೊಟ್ಟೆ ತುಂಬಾ ತಿನ್ನಿಸಿ, ನಸುಕಾಗೆ ಮಸಿ ಹಚ್ಚಿ ಕಳಿಸ್ತೀನಿ."

ಅಷ್ಟು ಹೇಳಿ, ಮಂಡಕ್ಕಿ ತೊಯ್ಯಿಸಬೇಕು ಎಂದು ಎದ್ದು ಹೋದರು. ಅಡುಗೆಮನೆಯಲ್ಲಿ ಬಾಣಲೆಗೆ ಎಣ್ಣೆ ಬಿದ್ದ ಸದ್ದು. ಪಕ್ಕದ ಕೋಣೆಯಲ್ಲಿ ಮಾವನ ಕೆಮ್ಮು. ನಡುವೆ ಅರುಣಾ.

ಅಯ್ಯೋ ನನ್ನ ಕರ್ಮವೇ, ಎಂದುಕೊಂಡಳು. ಇದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು? ಸುಮ್ಮನಿದ್ದರೆ ಬೆಳಗ್ಗೆ ಹಿತ್ತಾಳೆ ಕಪ್ಪಾಗುತ್ತದೆ, ಮಾವ ಅದನ್ನು ನೋಡಿ ಎದೆಯೊಡೆದು ಸಾಯುತ್ತಾರೆ, ಇಲ್ಲದ ಸಿಟ್ಟನ್ನು ಹೊತ್ತುಕೊಂಡು. ಹೇಳಿದರೆ ಈ ಹೆಂಗಸು ವರ್ಷಕ್ಕೊಮ್ಮೆ ಉಣ್ಣಿಸಿ ಕಳಿಸುವ ಮಗ ಇಲ್ಲವಾಗುತ್ತಾನೆ. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬದುಕಿರುವವರ ನೆಮ್ಮದಿ ದೊಡ್ಡದೋ, ಸತ್ತವನ ಬರವು ದೊಡ್ಡದೋ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಬದುಕಿರುವವರ ಕಡೆ ನಿಂತಳು. ಚಿಕ್ಕ ವಯಸ್ಸು, ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವ ವಯಸ್ಸು.

ನಸುಕಿನಲ್ಲಿ ಬಚ್ಚಲ ಕಡೆ ಹೊಗೆಯೆದ್ದಿತು. ಅತ್ತೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು, ಮಡಿಲಲ್ಲಿ ಕೋವಿ, ಪಕ್ಕದಲ್ಲಿ ಹರಳೆಣ್ಣೆಯ ಬಟ್ಟಲು. ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಬಿಲ್ಲೆಗಳಿಗೆ ಬೆರಳಿಂದ ಎಣ್ಣೆ ಸವರುತ್ತಿದ್ದರು, ಏನೋ ಗುನುಗುತ್ತಾ.

"ಅತ್ತೆ, ಇದೊಂದು ವರ್ಷ ಹಂಗೇ ಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಿಟ್ರೆ? ಮತ್ತೆ ಗುಂಡು ಬೀಳ್ಲಿ ಅಂತಲಾ ನನ್ನ ಮಗನಿಗೆ?"

"ಮಾವ ಅದು ಹೊಳೀಲಿ ಅಂತ ಕಾಯ್ತಾ ಅವ್ರೆ."

"ಅವರಿಗ್ಯಾಕೆ ಬೇಕು? ಅವರು ಯಾವತ್ತು ಇದರ ಕಡೆ ನೋಡವ್ರೆ?"

ಅರುಣಾ ಎರಡೂ ಕೈ ಚಾಚಿದಳು. ಉಗುರಿನ ಸಂದಿಯಲ್ಲಿ ಮಸಿ ಇತ್ತು, ಹುಣಸೆಹಣ್ಣಿನ ಹುಳಿ ವಾಸನೆ ಇನ್ನೂ ಇತ್ತು. "ನಿನ್ನೆ ತಿಕ್ಕಿದ್ದು ನಾನತ್ತೆ. ಮಾವ ತಿಕ್ಕಿಸಿದ್ರು. ಅವರ ಕೈಲಿ ಆಗ್ಲಿಲ್ಲ, ಅದಕ್ಕೆ. ಮುಂಚೆ ಎಲ್ಲಾ ಅವರೇ ತಿಕ್ಕತಿದ್ರಂತೆ. ನೀವು ಕಪ್ಪು ಮಾಡೋದು ನೋಡಿ, ನಿಮ್ಮ ಸಿಟ್ಟು ಇನ್ನೂ ಹೋಗಿಲ್ಲ ಅಂತ ಇಷ್ಟು ವರ್ಷ ಕೊರಗಿದಾರೆ. ನೀವು ಅವರನ್ನ ಕ್ಷಮಿಸಿದೀನಿ ಅಂದ್ರೆ ಸಾಕತ್ತೆ, ಅಷ್ಟಕ್ಕೇ ಜೀವ ಹಿಡ್ಕೊಂಡವ್ರೆ."

ತಿಪ್ಪಮ್ಮ ಸೊಸೆಯ ಕೈ ಹಿಡಿದು ಮೂಸಿ ನೋಡಿದರು. ಕೈ ಬಿಟ್ಟರು. ಕೋವಿಯನ್ನು ಎತ್ತಿಕೊಂಡು ಒಳಗೆ ನಡೆದರು. ಅವರ ನಡಿಗೆ ನೋಡಿ ಅರುಣಾಳಿಗೆ ಭಯವಾಗಿ ಹಿಂದೆಯೇ ಓಡಿದಳು.

ಮರುಳಪ್ಪ ಎಚ್ಚರವಾಗಿದ್ದರು. ಬಾಗಿಲಲ್ಲಿ ಹೆಂಡತಿ, ಅವಳ ಕೈಯಲ್ಲಿ ಕೋವಿ, ಕೋವಿಯ ಹಿತ್ತಾಳೆ ಹೊಳೆಯುತ್ತಿದೆ. ಅವರ ಮುಖ ಅರಳಿತು. ಏಳಲು ಹೋಗಿ ಆಗದೆ ಒಂದು ಮೊಣಕೈ ಊರಿದರು.

"ಎಲ್ಲಾ ವರ್ಷಾನೂ ನೀವೇನಾ?" ಎಂದು ತಿಪ್ಪಮ್ಮ ಕೇಳಿದರು. ದನಿ ತಣ್ಣಗಿತ್ತು.

"ಹ್ಞೂಂ."

"ನೆನಪು ಮಾಡ್ಕೊಂಡು ಹೇಳ್ರಿ. ಒಂದು ವರ್ಷ ನಿಮಗೆ ಟೈಫಾಯ್ಡ್ ಆಗಿತ್ತು. ಇನ್ನೊಂದು ವರ್ಷ ಆಶಾನ ಮನೆ ಕಟ್ಟೋ ಕೆಲಸ ಅಂತ ನ್ಯಾಮತಿಗೆ ಹೋಗಿದ್ರಿ. ನೀವು ತಿಕ್ಕದೇ ಹೊಳೆದ ವರ್ಷ ಒಂದಾದ್ರೂ ಇರಬೇಕಲ್ಲ. ಒಂದು ವರ್ಷ?"

ಅರುಣಾ ಅತ್ತೆಯ ಬೆನ್ನ ಹಿಂದೆ ನಿಂತು ಮಾವನಿಗೆ ಕಣ್ಣಲ್ಲೇ ಬೇಡಿಕೊಂಡಳು. ಹೌದು ಅನ್ನಿ ಮಾವ. ಒಂದು ವರ್ಷ ನಾನಲ್ಲ ಅನ್ನಿ. ಸುಳ್ಳು ಹೇಳಿ. ಮುದುಕ ಅವಳನ್ನು ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದರು, ಇಷ್ಟು ವರ್ಷದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆಗೆ ಸುಳ್ಳು ಹೇಳಲು ಅವರಿಗೆ ಬರಲಿಲ್ಲ.

"ಜ್ವರದಾಗೂ ಎದ್ದು ತಿಕ್ಕಿದ್ದೆ. ನ್ಯಾಮತಿಯಿಂದ ಅವತ್ತು ಬಂದು ತಿಕ್ಕಿ ಮತ್ತೆ ಹೋಗಿದ್ದೆ. ಎಲ್ಲಾ ನಾನೇ ತಿಪ್ಪಿ."

ತಿಪ್ಪಮ್ಮ ಕೋವಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ಮಂಚದ ಕಾಲು ಹಿಡಿದು ಕೆಳಗೆ ಕೂತರು.

"ಹಂಗಾರೆ ಅವನು ಬರ್ಲೇ ಇಲ್ಲ" ಎಂದರು. "ಒಂದ್ಸಲಾನೂ ಬರ್ಲಿಲ್ಲ. ಅವತ್ತು ಹೋದೋನು ಹೋಗೇಬಿಟ್ಟ."

"ನಿಂಗೆ ನನ್ನ ಮೇಲೆ ಸಿಟ್ಟು..."

"ಇರ್ಲಿಲ್ಲ ಕಣ್ರೀ. ಯಾವತ್ತೂ ಇರ್ಲಿಲ್ಲ. ವರ್ಷಕ್ಕೊಂದು ಸಲ ಮಗ ಮನೆಗೆ ಬಂದು ಉಂಡು ಹೋಗ್ತಾ ಇರೋವಾಗ ಯಾರ ಮೇಲೆ ಸಿಟ್ಟು ಮಾಡ್ಲಿ ನಾನು?" ಅವರ ಉಸಿರು ಎತ್ತೆತ್ತಿ ಬರತೊಡಗಿತು. ಎದ್ದು ನಿಂತರು. ಮದುವೆಯಾದಾಗಿನಿಂದ ಗಂಡನನ್ನು ಬಹುವಚನದಲ್ಲೇ ಮಾತಾಡಿಸಿದ ಹೆಂಗಸು ಈಗ ಬೆರಳು ತೋರಿಸಿದರು.

"ಈಗ ಐತೆ. ಈಗ ಬಂತು ಸಿಟ್ಟು. ಕೊಂದೆಯಲ್ಲೋ ಪಾಪಿ! ಅಲ್ಲಾಡಬ್ಯಾಡ ಅಂದ್ರೆ ಅಲ್ಲಾಡೋ ಹುಡುಗ ಅಂತ ಗೊತ್ತಿರ್ಲಿಲ್ವಾ ನಿಂಗೆ? ನಿನ್ನ ತಮ್ಮನ ಹಿತ್ತಾಳೆ ನಿಂಗೆ ಗುರುತು ಸಿಗ್ಲಿಲ್ವಾ? ನಾನು ಎದೆ ಮೇಲೆ ಮಲಗಿಸಿಕೊಂಡು ಬೆಳೆಸಿದ್ನಲ್ಲೋ, ಹೊಡೆಯಾಕೆ ಕೈ ಹೆಂಗೆ ಬಂತೋ? ಜಂಪಾ! ನನ್ನ ಜಂಪಾ!"

ಆ ಹೆಸರು ಆ ಮನೆಯ ಗೋಡೆಗಳು ಕೇಳಿ ಎಷ್ಟೋ ಕಾಲವಾಗಿತ್ತು. ತಿಪ್ಪಮ್ಮ ಎದೆ ಬಡಿದುಕೊಂಡು, ಕೂದಲು ಬಿಚ್ಚಿ ಹೋದದ್ದೂ ತಿಳಿಯದೆ, ಮನೆಯಲ್ಲಿ ಹೆಣ ಇಟ್ಟುಕೊಂಡವರ ಹಾಗೆ ಅತ್ತರು. ಮರುಳಪ್ಪ ಕೈ ಮುಗಿದರು. "ಹ್ಞೂಂ, ಕೊಂದೆ. ನಾನೇ ಕೊಂದೆ" ಎಂದು ಅನ್ನುತ್ತಲೇ ಇದ್ದರು. ಯಾರೂ ಅವರನ್ನು ಬೈದಿರಲಿಲ್ಲ, ಪೊಲೀಸರೂ ಬೈದಿರಲಿಲ್ಲ. ಅರುಣಾ ಇಬ್ಬರಲ್ಲಿ ಯಾರ ಕಡೆ ಹೋಗಬೇಕೋ ತಿಳಿಯದೆ ಗೋಡೆ ಹಿಡಿದು ನಿಂತಳು. ತಾನೇನು ಮಾಡಿಬಿಟ್ಟೆ ಎಂದು ಅವಳಿಗೆ ಆಗ ಅರ್ಥವಾಯಿತು.

ಹೊರಗೆ ಟ್ರಾಕ್ಟರಿನ ಸದ್ದು, ಉದ್ದನೆಯ ಹಾರ್ನ್. ಸಿದ್ದು ಬಂದಿದ್ದ. ಗಾಡಿಗೆ ಕಟ್ಟಲು ಬಾಳೆಕಂದು ಹಿಡಿದು, ಕುತ್ತಿಗೆಗೆ ಚೆಂಡುಹೂವಿನ ಹಾರ ಹಾಕಿಕೊಂಡು ಹುಡುಗನ ಹಾಗೆ ನಗುತ್ತಾ ಇಳಿದವನು, ಒಳಗಿನ ಗೋಳು ಕೇಳಿ ಅಂಗಳದಲ್ಲೇ ನಿಂತ. ಅರುಣಾ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

"ಈಗ್ಲೇ ಒಳಗೆ ಹೋಗಬ್ಯಾಡ್ರಿ. ಅತ್ತೆ ಅಳ್ತಾ ಅವ್ರೆ."

ಸಿದ್ದು ಕುತ್ತಿಗೆಯ ಹಾರ ಕಿತ್ತು ತೆಗೆದ.

"ಅಪ್ಪ ಹೋದ್ನಾ?"

"ಇಲ್ಲ" ಎಂದಳು ಅರುಣಾ. "ನಿಮ್ಮ ಚಿಕ್ಕಪ್ಪ."